ಮೂವತ್ತೊಂದನೆಯ ದಿನ

ನಾನು ಹೇಳುವ ಘಟನೆಯ ಕಾಲದಲ್ಲಿ, ಟೆಕ್ಸಾಸ್‌ನಲ್ಲಿ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಇರುವ ನೌಕರನಿಗೆ ಮಗು ಹುಟ್ಟಿದರೆ, ಮೊದಲ 31 ದಿನ ಆ ಮಗು ತಾನಾಗಿಯೇ ಅಪ್ಪ ಅಥವಾ ಅಮ್ಮನ ಪಾಲಿಸಿಯೊಳಗೆ ಬರುತ್ತಿತ್ತು. ಅಷ್ಟರೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ರಕ್ಷಣೆ ಮುಂದುವರಿಯುತ್ತಿತ್ತು. ತಿಳಿಸದೆ ಹೋದರೆ 32ನೆಯ ದಿನ ಮಗುವಿಗೆ ವಿಮೆ ಇರುತ್ತಿರಲಿಲ್ಲ. ತಂದೆತಾಯಿ ತಮ್ಮ ಪಾಡಿಗೆ ಕಂಪನಿಗೆ ತಿಳಿಸಿರುತ್ತಾರೆ. ಅದನ್ನು ವಿಮಾ ಕಂಪನಿಗೆ ಮುಟ್ಟಿಸಬೇಕಾದದ್ದು ಕಂಪನಿಯ ಎಚ್‌ಆರ್ ಕೆಲಸ. ನಮ್ಮ ಕಂಪನಿಯಲ್ಲಿ ಎಚ್‌ಆರ್ ಅಂದರೆ ನಾನು. ನಾನು ಮುಟ್ಟಿಸಲಿಲ್ಲ.

ನನ್ನದು ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ, ಲಾಸ್ ಕೊಲಿನಾಸ್‌ನ ಒಂದು ಬಾಡಿಗೆ ಆಫೀಸಿನಲ್ಲಿರುವ ಚಿಕ್ಕ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿ. ಇಂಥ ಕಂಪನಿಗಳು ಈ ಸೀಮೆಯಲ್ಲಿ ಬಹಳ ಇವೆ, ನಮ್ಮವರೇ ನಡೆಸುವವೂ ಸಾಕಷ್ಟಿವೆ. ಕೆಲಸದವರು ಒಂದೆಡೆ ಇರುವುದಿಲ್ಲ. ಕೆಲವರು ಡಲ್ಲಾಸ್ ಬ್ಯಾಂಕುಗಳಲ್ಲಿ, ಕೆಲವರು ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್‌ನ ತೈಲ ಕಂಪನಿಗಳಲ್ಲಿ, ಇನ್ನು ಕೆಲವರು ಆಸ್ಟಿನ್‌ನಲ್ಲಿ. ಅರ್ವಿಂಗ್‌ನಿಂದ ಹ್ಯೂಸ್ಟನ್‌ಗೆ ಹೆದ್ದಾರಿ 45ರಲ್ಲಿ ನಾಲ್ಕು ಗಂಟೆ, ಆಸ್ಟಿನ್‌ಗೆ 35ರಲ್ಲಿ ಮೂರು ಗಂಟೆಗೂ ಹೆಚ್ಚು. ಮುಖ ನೋಡುವುದು ಅಪರೂಪ. ಹೀಗಾಗಿ ಎಲ್ಲವೂ ಮೇಲ್‌ನಲ್ಲಿಯೇ ನಡೆಯುತ್ತಿತ್ತು.

ಸಂಬಳ ಹಾಕುವುದು, ತೆರಿಗೆ ಕಟ್ಟುವುದು, ವಿಮೆಯ ಕಾಗದ, ರಜೆಯ ಲೆಕ್ಕ ಇವನ್ನೆಲ್ಲ ನಾನೂ ನನ್ನ ಹೆಂಡತಿಯೂ ರಾತ್ರಿ ಊಟವಾದ ಮೇಲೆ ಕೂತು ಮಾಡುತ್ತಿದ್ದೆವು. ಹೊರಗಿನವರಿಗೆ ಕೊಡಿ ಎಂದು ನಮ್ಮ ಸಿಪಿಎ ಹೇಳುತ್ತಲೇ ಇದ್ದರು. ಒಂದೆರಡು ಕಡೆ ದರ ಕೇಳಿದೆ. ತಲೆಗೆ ಇಷ್ಟು ಎಂದು ಒಬ್ಬರು, ಒಟ್ಟು ಸಂಬಳದ ಮೇಲೆ ಶೇಕಡಾ ಇಷ್ಟು ಎಂದು ಇನ್ನೊಬ್ಬರು. ವರ್ಷಕ್ಕೆ ಗುಣಿಸಿ ನೋಡಿದಾಗ ಒಬ್ಬ ಹುಡುಗನ ಹಲವು ತಿಂಗಳ ಸಂಬಳವಾಯಿತು. ಬೇಡವೆಂದೆ. ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಮ್ಮಪ್ಪ ಪ್ರತಿ ಶನಿವಾರ ಹಮಾಲರಿಗೆ ತಾವೇ ಕೂತು ಬಟವಾಡೆ ಮಾಡುತ್ತಿದ್ದರು. ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ಅವರಿಗೆ ಕೇಳದೆಯೇ ಗೊತ್ತಿರುತ್ತಿತ್ತು. ಸಂಬಳ ಕೊಡುವ ಕೈ ನನ್ನದೇ ಆಗಿರಬೇಕು ಎಂಬ ಆಸೆ ನನಗೆ ಅಲ್ಲಿಂದ ಬಂದದ್ದು. ಆ ಆಸೆ ತಪ್ಪಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಅಪ್ಪನ ಕಾಲದ ಬಟವಾಡೆಗೆ ಒಂದು ಗಲ್ಲಾಪೆಟ್ಟಿಗೆ, ಒಂದು ಪುಸ್ತಕ ಸಾಕಿತ್ತು.

ಇಲ್ಲಿ ಅಷ್ಟು ಸಾಲದು. ಹೊಸಬ ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಅವನ ಮೂಲ ದಾಖಲೆ ನೋಡಿ ಐ-9 ನಮೂನೆ ತುಂಬಬೇಕು. 20 ದಿನಗಳೊಳಗೆ ಅವನ ಹೆಸರನ್ನು ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ವರದಿ ಮಾಡಬೇಕು. ಅವನ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ 6.2, ಮೆಡಿಕೇರ್‌ಗೆ 1.45 ಶೇಕಡಾ ಹಿಡಿದು, ಅಷ್ಟನ್ನೇ ನಮ್ಮ ಕೈಯಿಂದ ಸೇರಿಸಿ, ಗಡುವಿನೊಳಗೆ ಒಕ್ಕೂಟ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ 941 ನಮೂನೆ, ಅದರ ಜೊತೆಗೆ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ನಿರುದ್ಯೋಗ ತೆರಿಗೆಯ ವರದಿ. ಯಾರನ್ನಾದರೂ ಕೆಲಸದಿಂದ ತೆಗೆದರೆ ಟೆಕ್ಸಾಸ್ ಪೇಡೇ ಕಾನೂನಿನ ಪ್ರಕಾರ ಆರು ದಿನಗಳೊಳಗೆ ಅವನ ಪೂರ್ತಿ ಬಾಕಿ ಚುಕ್ತಾ ಆಗಬೇಕು. ನೌಕರರಿಂದ ಹಿಡಿದ ತೆರಿಗೆ ಸರ್ಕಾರದ ಪರವಾಗಿ ನಮ್ಮ ಬಳಿ ಇರುವ ನಂಬಿಕೆಯ ಹಣ. ಅದನ್ನು ಕಟ್ಟದಿದ್ದರೆ ಕಂಪನಿ ಮುಳುಗಿದರೂ ಮಾಲೀಕನ ಸ್ವಂತ ಆಸ್ತಿಯಿಂದ ವಸೂಲು ಮಾಡುವ ಅಧಿಕಾರ ಐಆರ್‌ಎಸ್‌ಗಿದೆ. ಅದರ ಭಯ ನನಗೆ ಚೆನ್ನಾಗಿ ಇತ್ತು. ಆದ್ದರಿಂದ ತೆರಿಗೆಯ ಗಡುವು ಒಂದನ್ನೂ ನಾನು ತಪ್ಪಿಸಿರಲಿಲ್ಲ.

ಆ ಮಗು ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿದ್ದ ನಮ್ಮ ಒಬ್ಬ ಹುಡುಗನಿಗೆ, ಜನವರಿಯ ಕೊನೆಯ ವಾರ. ಜನವರಿ 31 ಎಂದರೆ ಎಲ್ಲರ ವರ್ಷದ ಸಂಬಳ-ತೆರಿಗೆಯ ಪತ್ರ ಡಬ್ಲ್ಯೂ-2 ಕಳಿಸಬೇಕಾದ ಕೊನೆಯ ದಿನ, ಹಿಂದಿನ ತ್ರೈಮಾಸಿಕದ ವರದಿಗಳ ಗಡುವೂ ಅದೇ. ಹುಡುಗ ಮೂರನೆಯ ದಿನವೇ ಮೇಲ್ ಹಾಕಿದ್ದ: ಹೆಣ್ಣು ಮಗು, ತಾಯಿ ಮಗು ಕ್ಷೇಮ, ಇನ್ಶೂರೆನ್ಸ್‌ಗೆ ಸೇರಿಸಿ ಸರ್. ಓದಿದೆ. ಶುಭಾಶಯ ಬರೆದೆ. ನಿಜಕ್ಕೂ ಸಂತೋಷಪಟ್ಟೆ, ಮನೆಯಲ್ಲಿ ಹೆಂಡತಿಗೆ ಹೇಳಿದೆ. ಗಡುವು ಮುಗಿದ ಮೇಲೆ ಫಾರಂ ಕಳಿಸೋಣ ಎಂದುಕೊಂಡೆ. ನಾನು ಉತ್ತರ ಬರೆದಿದ್ದರಿಂದ ಆ ಮೇಲ್ ಮುಗಿದ ಕೆಲಸಗಳ ಸಾಲಿಗೆ ಸೇರಿಹೋಯಿತು. ಸರ್ ಉತ್ತರ ಕೊಟ್ಟಿದ್ದಾರೆ ಎಂದಮೇಲೆ ಕೆಲಸ ಆಗಿದೆ ಎಂದು ಅವನು ತಿಳಿದ. ಬೇರೆ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಮಾರ್ಚ್ ಮೊದಲ ವಾರ ಮಗುವಿಗೆ ಆರ್‌ಎಸ್‌ವಿ ಸೋಂಕು ತಗುಲಿತು. ದೊಡ್ಡವರಿಗೆ ಅದು ನೆಗಡಿ. ಎಳೆಯ ಶಿಶುಗಳಿಗೆ ಉಸಿರೇ ಕಷ್ಟವಾಗುತ್ತದೆ. ಮಗುವನ್ನು ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಟ್ಟು ಹಲವು ದಿನ ಇರಿಸಿಕೊಂಡರು. ಮಗು ಗುಣವಾಗಿ ಮನೆಗೆ ಬಂತು. ಬಿಲ್ಲು ವಿಮಾ ಕಂಪನಿಗೆ ಹೋಗಿ, ತಿರಸ್ಕಾರದ ಕಾಗದ ಅವನ ಕೈ ಸೇರುವಾಗ ಏಪ್ರಿಲ್ ಅರ್ಧ ಕಳೆದಿತ್ತು. ಆ ಹೊತ್ತಿಗೆ ಇನ್ನೊಂದು ಬಾಗಿಲೂ ಮುಚ್ಚಿತ್ತು. ಮಗು ಹುಟ್ಟಿದ 60 ದಿನಗಳೊಳಗೆ ಸರ್ಕಾರದ ಆರೋಗ್ಯ ವಿಮೆಯ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಗುವಿಗೆ ಪಾಲಿಸಿ ತೆಗೆದುಕೊಳ್ಳಬಹುದಿತ್ತು, ಅದು ಹುಟ್ಟಿದ ದಿನದಿಂದಲೇ ಅನ್ವಯವಾಗುತ್ತಿತ್ತು. ವಿಮೆ ಇಲ್ಲವೆಂದು ಗೊತ್ತಿದ್ದರೆ ಅವನು ತೆಗೆದುಕೊಳ್ಳುತ್ತಿದ್ದ. ನನ್ನ ಶುಭಾಶಯದ ಮೇಲ್ ಅವನನ್ನು ನಿಶ್ಚಿಂತನನ್ನಾಗಿ ಮಾಡಿತ್ತು.

ಫೋನಿನಲ್ಲಿ ಅವನು ಗಟ್ಟಿಯಾಗಿ ಮಾತಾಡಲಿಲ್ಲ. "ಸರ್, ನಾನು ಮೇಲ್ ಹಾಕಿದ್ದೆನಲ್ಲ" ಎಂದ. ಹಿಂದೆ ಮಗು ಅಳುತ್ತಿದ್ದುದು ಕೇಳಿಸುತ್ತಿತ್ತು.

ವಿಮಾ ಕಂಪನಿಗೆ ಮೇಲ್ಮನವಿ ಹಾಕಿದೆ, ಅವನ ಮೇಲ್‌ನ ತಾರೀಖು ತೋರಿಸಿದೆ. ಅದು ನಿಮಗೆ ಕೊಟ್ಟ ತಿಳಿವಳಿಕೆಯೇ ಹೊರತು ನಮಗೆ ಕೊಟ್ಟದ್ದಲ್ಲ ಎಂದು ಉತ್ತರ ಬಂತು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಿಲ್ಲಿನ ಹೊಣೆ ನನ್ನದೆಂದು ಬರೆದುಕೊಟ್ಟೆ. ಮನೆಯ ಮೇಲೆ ಸಾಲ ತೆಗೆದು ಆಸ್ಪತ್ರೆಗೆ ಕಂತಿನಲ್ಲಿ ಕಟ್ಟಿದೆ. ಆದರೆ ಮಗುವಿಗೆ ಮುಂದಿನ ಜನವರಿಯ ನವೀಕರಣದವರೆಗೆ ನಮ್ಮ ಪಾಲಿಸಿಯಲ್ಲಿ ಜಾಗವಿರಲಿಲ್ಲ. ಅದಕ್ಕೆ ವಿಮೆ ಸಿಗಬೇಕಾದರೆ ಅಪ್ಪ ಬೇರೆ ಕಂಪನಿಗೆ ಸೇರಬೇಕಿತ್ತು. ಅವನು ಸೇರಿದ, ಹ್ಯೂಸ್ಟನ್‌ನಲ್ಲೇ, ದೊಡ್ಡ ಕಂಪನಿಗೆ. ತನ್ನ ಎಚ್-1ಬಿ ವೀಸಾ ವರ್ಗಾವಣೆಯ ಕಾಗದಕ್ಕಾಗಿ ಬಂದಾಗಲೂ ಸರ್ ಎಂದೇ ಕರೆದ. ನಾನು ಅವನ ಹೆಂಡತಿಯ ಕ್ಷಮೆಯನ್ನು ಬಾಯಿಬಿಟ್ಟು ಕೇಳಿದೆ. ಆಕೆ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ಹಳೆಯ ದರಪಟ್ಟಿಯನ್ನು ತೆಗೆದು ಮತ್ತೆ ನೋಡಿದೆ. ನಾನು ಮಾಡಿದ್ದ ಲೆಕ್ಕದಲ್ಲಿ ಎರಡು ಸೊನ್ನೆಗಳಿದ್ದವು. ನನ್ನ ಮತ್ತು ಹೆಂಡತಿಯ ರಾತ್ರಿಗಳಿಗೆ ಸೊನ್ನೆ ಹಾಕಿದ್ದೆ. ಅದು ನಮ್ಮ ಸ್ವಂತದ್ದು, ಹೋಗಲಿ. ತಪ್ಪಾದರೆ ಆಗುವ ನಷ್ಟಕ್ಕೂ ಸೊನ್ನೆ ಹಾಕಿದ್ದೆ, ಅದು ನನ್ನದಾಗಿರಲಿಲ್ಲ. ತೆರಿಗೆಯಲ್ಲಿ ತಪ್ಪಿದರೆ ದಂಡ ಮಾಲೀಕನಿಗೆ, ಆದ್ದರಿಂದ ಮಾಲೀಕ ಎಚ್ಚರವಾಗಿರುತ್ತಾನೆ. ವಿಮೆಯಲ್ಲಿ, ವೀಸಾದಲ್ಲಿ, ರಜೆಯಲ್ಲಿ ತಪ್ಪಿದರೆ ಪೆಟ್ಟು ಮೊದಲು ಬೀಳುವುದು ಕೆಲಸದವನ ಮನೆಯ ಮೇಲೆ. ಎಚ್‌ಆರ್ ಕೆಲಸವನ್ನು ಉಳಿತಾಯದ ಲೆಕ್ಕದಲ್ಲಿ ತೂಗುವವನು ಬೇರೆಯವರ ಅಪಾಯವನ್ನು ತನ್ನ ಉಳಿತಾಯವೆಂದು ಬರೆದುಕೊಳ್ಳುತ್ತಾನೆ. ನಾನು ಬರೆದುಕೊಂಡಿದ್ದೆ.

ಸಂಸ್ಥೆಗಳು ಎಚ್‌ಆರ್ ಅನ್ನು ಹೊರಗೆ ಕೊಡುವುದೇಕೆ ಎಂದು ಕೇಳಿದರೆ ಖರ್ಚು ಕಡಿಮೆಯಾಗಲೆಂದು ಎಂಬುದು ಎಲ್ಲರೂ ಕೊಡುವ ಉತ್ತರ. ಟೆಕ್ಸಾಸ್‌ನ ಅನುಭವ ಅಷ್ಟು ಸರಳವಲ್ಲ. ತಮ್ಮ ಕೆಲಸವನ್ನು ಹೊರಗಿನವರಿಂದ ಮಾಡಿಸುವ ಪದ್ಧತಿ ಬೆಳೆದದ್ದರಲ್ಲಿ ಈ ನೆಲಕ್ಕೆ ದೊಡ್ಡ ಪಾಲಿದೆ. ಐಬಿಎಂ ಬಿಟ್ಟುಬಂದ ರಾಸ್ ಪೆರೋ 1962ರಲ್ಲಿ ಡಲ್ಲಾಸ್‌ನಲ್ಲಿ ಇಡಿಎಸ್ ಸ್ಥಾಪಿಸಿದರು. ಕಂಪ್ಯೂಟರ್ ಕೊಂಡ ಕಂಪನಿಗಳಿಗೆ ಅದನ್ನು ನಡೆಸಲು ಬರುತ್ತಿರಲಿಲ್ಲ. ನಾವು ನಡೆಸಿಕೊಡುತ್ತೇವೆ ಎಂಬುದೇ ಅವರ ವ್ಯಾಪಾರ. ಮುಂದೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಹಿಡಿದ ದಾರಿಯೂ ಇದಕ್ಕೆ ಹತ್ತಿರದ್ದೇ. 1986ರಲ್ಲಿ ಹ್ಯೂಸ್ಟನ್‌ನ ಈಶಾನ್ಯಕ್ಕಿರುವ ಕಿಂಗ್‌ವುಡ್‌ನಲ್ಲಿ ಅಡ್ಮಿನಿಸ್ಟಾಫ್ ಹುಟ್ಟಿತು, ಈಗ ಅದರ ಹೆಸರು ಇನ್ಸ್‌ಪೆರಿಟಿ. ತೈಲದ ಬೆಲೆ ಕುಸಿದು ಹ್ಯೂಸ್ಟನ್ ನರಳುತ್ತಿದ್ದ ವರ್ಷ ಅದು. ಸಣ್ಣ ಕಂಪನಿಗಳಿಗೆ ವಿಮೆಯ ಪ್ರೀಮಿಯಂ ತಡೆಯಲಾಗುತ್ತಿರಲಿಲ್ಲ. ನೂರಾರು ಸಣ್ಣ ಕಂಪನಿಗಳ ನೌಕರರನ್ನು ಒಂದೇ ಗುಂಪಾಗಿ ಕಟ್ಟಿದರೆ ದೊಡ್ಡ ಕಂಪನಿಗೆ ಸಿಗುವಂಥ ವಿಮೆ ಅವರಿಗೂ ಸಿಗುತ್ತದೆ ಎಂಬುದು ಇಂಥ ವ್ಯವಸ್ಥೆಯ ತಿರುಳು. ಇದನ್ನು ಪ್ರೊಫೆಷನಲ್ ಎಂಪ್ಲಾಯರ್ ಆರ್ಗನೈಸೇಷನ್, ಚಿಕ್ಕದಾಗಿ ಪಿಇಒ ಎನ್ನುತ್ತಾರೆ. ನೌಕರನಿಗೆ ಇಬ್ಬರು ಧಣಿಗಳು: ಕೆಲಸ ಹೇಳುವವನು ನಾನು, ಸಂಬಳ, ತೆರಿಗೆ, ವಿಮೆ ನೋಡುವವರು ಅವರು. ಈ ಹೊಸ ದಂಧೆಯಲ್ಲಿ ಮೋಸಗಾರರೂ ಇದ್ದುದರಿಂದ ಟೆಕ್ಸಾಸ್ 1993ರಲ್ಲೇ ಇದಕ್ಕೊಂದು ಕಾನೂನು ಮಾಡಿ ಲೈಸೆನ್ಸ್ ಕಡ್ಡಾಯಗೊಳಿಸಿತು.

ದೊಡ್ಡ ಸಂಸ್ಥೆಗಳು ಎಚ್‌ಆರ್ ಹೊರಗೆ ಕೊಟ್ಟದ್ದು ಬೇರೆ ಕಾರಣಕ್ಕೆ. 1999ರ ಕೊನೆಯಲ್ಲಿ ತೈಲ ಕಂಪನಿ ಬಿಪಿ ಅಮೊಕೊ ತನ್ನ ಎಚ್‌ಆರ್ ಕೆಲಸದ ದೊಡ್ಡ ಭಾಗವನ್ನು ಎಕ್ಸಲ್ಟ್ ಎಂಬ ಹೊಸ ಕಂಪನಿಗೆ ಏಳು ವರ್ಷಗಳಿಗೆ ಸುಮಾರು 60 ಕೋಟಿ ಡಾಲರಿಗೆ ವಹಿಸಿತು. ಬಿಪಿ ಆಗಷ್ಟೇ ಅಮೊಕೊವನ್ನು ಸೇರಿಸಿಕೊಂಡಿತ್ತು. ಎರಡು ಕಂಪನಿಗಳ ಎರಡು ಬಗೆಯ ಪದ್ಧತಿಗಳನ್ನು ಒಂದು ಮಾಡುವುದು ಅದಕ್ಕೆ ಬೇಕಿತ್ತು. 2004ರಲ್ಲಿ ಆಸ್ಟಿನ್‌ನಲ್ಲಿ ರಾಜ್ಯದ ಆರೋಗ್ಯ ಮತ್ತು ಮಾನವ ಸೇವೆಗಳ ಆಯೋಗವು ಎಚ್‌ಆರ್ ಮತ್ತು ಪೇರೋಲ್ ಅನ್ನು ಕನ್ವರ್ಜಿಸ್ ಎಂಬ ಕಂಪನಿಗೆ ವಹಿಸಿತು. ಅದರ ಹಿಂದಿನ ವರ್ಷವಷ್ಟೇ ಶಾಸನಸಭೆ ಹನ್ನೆರಡು ಇಲಾಖೆಗಳನ್ನು ಐದಕ್ಕೆ ಇಳಿಸಿತ್ತು. ಸಂಸ್ಥೆಯ ಒಳಗಿನ ಗಂಟನ್ನು ಒಳಗಿನವರಿಂದ ಬಿಚ್ಚಲಾಗದಾಗ ಹೊರಗಿನ ಕೈ ಬೇಕಾಗುತ್ತದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಮ್ಮಂಥ ಸಣ್ಣವರಿಗೆ ಹೊರಗಿನ ಕೈ ಬೇಕಾಗುವುದು ಕಾನೂನು ಒಂದೇ ಕಡೆ ನಿಲ್ಲದಿರುವುದರಿಂದ. ನೌಕರರ ಸಂಖ್ಯೆ 15 ಮುಟ್ಟಿದರೆ ತಾರತಮ್ಯ ನಿಷೇಧದ ಒಕ್ಕೂಟ ಕಾನೂನು, 20 ಮುಟ್ಟಿದರೆ ಕೆಲಸ ಬಿಟ್ಟವರಿಗೂ ವಿಮೆ ಮುಂದುವರಿಸುವ ಕೋಬ್ರಾ, 50 ಮುಟ್ಟಿದರೆ ಕುಟುಂಬ ರಜೆಯ ಕಾನೂನು ಮತ್ತು ಪೂರ್ಣಾವಧಿ ನೌಕರರಿಗೆ ವಿಮೆ ನೀಡುವ ಹೊಣೆ. ನಿಯಮಗಳು ನಡುವೆಯೇ ಬದಲಾಗುತ್ತವೆ. 2024ರ ಜುಲೈ 1ರಂದು ಓವರ್‌ಟೈಮ್ ಕೊಡದಿರಲು ಇರಬೇಕಾದ ಕನಿಷ್ಠ ವಾರದ ಸಂಬಳ 684 ಡಾಲರಿನಿಂದ 844ಕ್ಕೆ ಏರಿತು. ನವೆಂಬರ್ 15ರಂದು ಟೆಕ್ಸಾಸ್‌ನದೇ ಒಂದು ಒಕ್ಕೂಟ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ರಾತ್ರಿ ಊಟವಾದ ಮೇಲೆ ಕೂತು ಇದನ್ನೆಲ್ಲ ಹಿಂಬಾಲಿಸಬಹುದೆಂದು ನಾನು ನಂಬಿದ್ದೆ.

ನಾವು ಒಂದು ಪಿಇಒಗೆ ಸೇರಿದೆವು. ಅದರ ಬೆಲೆ ನನಗೆ ಬೇಗ ತಿಳಿಯಿತು. ನಮ್ಮ ಒಬ್ಬ ಹುಡುಗ ಅರ್ವಿಂಗ್‌ನಿಂದ ಆಸ್ಟಿನ್‌ನ ಕ್ಲೈಂಟ್ ಬಳಿಗೆ ಹೋಗಬೇಕಿತ್ತು. ವಿಳಾಸ ಬದಲಿಸಿ ಎಂದು ಅವರಿಗೆ ತಿಳಿಸಿದ ದಿನವೇ ಅಲ್ಲಿನ ಎಚ್‌ಆರ್ ಹೆಣ್ಣುಮಗಳು ಫೋನ್ ಮಾಡಿ, ಈತ ಎಚ್-1ಬಿ ತಾನೆ, ನಿಮ್ಮ ವಕೀಲರನ್ನು ಕೇಳಿದ್ದೀರಾ ಎಂದಳು. ನಾನು ಕೇಳಿರಲಿಲ್ಲ. 2015ರ ಸಿಮಿಯೊ ಪ್ರಕರಣದ ತೀರ್ಪಿನ ನಂತರ, ಎಚ್-1ಬಿ ನೌಕರ ಒಂದು ಮಹಾನಗರ ವಲಯದಿಂದ ಇನ್ನೊಂದಕ್ಕೆ ಹೋಗುವ ಮುನ್ನ ತಿದ್ದುಪಡಿ ಅರ್ಜಿ ಹಾಕಲೇಬೇಕು. ಡಲ್ಲಾಸ್ ಒಂದು ವಲಯ, ಆಸ್ಟಿನ್ ಇನ್ನೊಂದು. ಹಾಕದೆ ಕಳಿಸಿದ್ದರೆ ಅವನ ವೀಸಾ ಸ್ಥಿತಿಯೇ ಕೆಡುತ್ತಿತ್ತು, ಅವನಿಗೆ ಅದು ವಿಸ್ತರಣೆಯ ಹೊತ್ತಿಗೆ ಗೊತ್ತಾಗುತ್ತಿತ್ತು. ವೀಸಾ ಪಿಇಒದ ಕೆಲಸವಲ್ಲ, ಅರ್ಜಿದಾರ ನಾನೇ. ಆದರೆ ದಿನವಿಡೀ ಇಂಥದ್ದನ್ನೇ ನೋಡುವ ಕಣ್ಣು ಅದನ್ನು ಹಿಡಿಯಿತು.

ಅಷ್ಟಾದ ಮೇಲೆ ನನಗೆ ಹಾಯೆನಿಸಿತು, ಮತ್ತು ಆ ಹಾಯಿಯಲ್ಲಿ ನಾನು ಕೊಡಬಾರದ್ದನ್ನೂ ಕೊಟ್ಟುಬಿಟ್ಟೆ. ಏನೇ ಇದ್ದರೂ ಪೋರ್ಟಲ್‌ನಲ್ಲಿ ಹಾಕಿ ಎಂದು ಎಲ್ಲರಿಗೂ ಬರೆದೆ. ನೌಕರರ ಕೈಪಿಡಿಯನ್ನು ಪಿಇಒದವರು ಸಿದ್ಧ ಮಾದರಿಯಲ್ಲಿ ಕಳಿಸಿದ್ದರು. ಕೊನೆಯ ಪುಟಕ್ಕೆ ಸಹಿ ಹಾಕಿದ್ದೆ. ಆಸ್ಟಿನ್‌ನಲ್ಲಿದ್ದ ಇನ್ನೊಬ್ಬನ ತಂದೆ ಮಂಡ್ಯ ಕಡೆಯ ಊರಿನಲ್ಲಿ ತೀರಿಕೊಂಡರು. ಪೋರ್ಟಲ್‌ನಲ್ಲಿ ರಜೆ ಕೇಳಿದ. ಮೂರು ದಿನ ಎಂದು ಉತ್ತರ ಬಂತು, ಕೈಪಿಡಿಯಲ್ಲಿ ಇದ್ದದ್ದೇ ಅಷ್ಟು. ಆಸ್ಟಿನ್‌ನಿಂದ ಹೊರಟವನು ಬೆಂಗಳೂರು ಮುಟ್ಟಿ ಊರು ಸೇರುವುದರಲ್ಲೇ ಎರಡು ದಿನ ಹೋಗುತ್ತದೆ. ತಿಥಿ ಇರುವುದು ಹನ್ನೊಂದನೆಯ ದಿನ. ಅವನು ತನ್ನ ಉಳಿದ ರಜೆಯನ್ನೆಲ್ಲ ಸೇರಿಸಿ, ಮಿಕ್ಕದ್ದಕ್ಕೆ ಸಂಬಳ ಬಿಟ್ಟು ಹೋಗಿಬಂದ. ಬಂದ ಮೇಲೆ ರಾಜೀನಾಮೆ ಕೊಟ್ಟ, ಅದನ್ನೂ ಪೋರ್ಟಲ್‌ನಲ್ಲಿ. ಅವನ ತಂದೆ ಹೋದ ವಿಷಯ ನನಗೆ ಗೊತ್ತಾದದ್ದೇ ಆಗ.

ಫೋನ್ ಮಾಡಿದೆ. "ಅಣ್ಣ, ರಜ ಏನು ದೊಡ್ಡದಲ್ಲ. ನಿಮ್ಮ ಫೋನ್ ಬರುತ್ತೆ ಅಂತ ಇದ್ದೆ" ಎಂದ.

ಟೆಕ್ಸಾಸ್‌ನಲ್ಲಿ ಖಾಸಗಿ ಕಂಪನಿಗಳಿಗೆ ಸಾವಿನ ರಜೆಯ ಕಾನೂನು ಇಲ್ಲ. ಮೂರು ದಿನವೋ ಮೂರು ವಾರವೋ, ಪೂರ್ತಿ ನನ್ನ ಕೈಲಿದ್ದ ವಿಷಯ. ಪಿಇಒ ತಪ್ಪು ಮಾಡಲಿಲ್ಲ, ನಾನು ಸಹಿ ಹಾಕಿದ ನೀತಿಯನ್ನು ಜಾರಿ ಮಾಡಿತು. ಪೀಟರ್ ಡ್ರಕರ್ 2002ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದೇ ಪಿಇಒಗಳ ಬಗ್ಗೆ ಬರೆದಿದ್ದರು. ನೌಕರರ ಕಾಗದಪತ್ರದ ಭಾರವನ್ನು ಹೊರಗೆ ಕೊಡುವುದಕ್ಕೆ ಒಳ್ಳೆಯ ಕಾರಣಗಳಿವೆ ಎಂದು ಒಪ್ಪಿ, ಅದರ ಜೊತೆಗೆ ಜನರನ್ನು ಬೆಳೆಸುವ ಸಂಬಂಧವನ್ನೂ ಕೈಬಿಟ್ಟರೆ ಅಪಾಯ ಎಂದು ಎಚ್ಚರಿಸಿದ್ದರು. ಅದನ್ನು ನಾನು ಓದಿದ್ದು ತಡವಾಗಿ. ಅಪ್ಪನ ಬಟವಾಡೆಯಲ್ಲಿ ಎರಡು ಕೆಲಸಗಳು ಸೇರಿದ್ದವು, ಹಣ ಎಣಿಸುವುದು ಮತ್ತು ಮನೆಯ ಸಮಾಚಾರ ಕೇಳುವುದು. ಮೊದಲನೆಯದನ್ನು ನಾನು ಹಟ ಹಿಡಿದು ಕೈಲಿಟ್ಟುಕೊಂಡಿದ್ದೆ, ಎರಡನೆಯದನ್ನು ಗಮನಿಸದೆ ಕಳೆದಿದ್ದೆ. ಆಗಬೇಕಾದದ್ದು ತಿರುಗುಮುರುಗು. ಕೈಪಿಡಿಯನ್ನು ಈಗ ನಾವೇ ಬರೆದಿದ್ದೇವೆ. ಊರಿನಲ್ಲಿ ಸಾವಾದರೆ ಸಂಬಳ ಸಹಿತ ಮೂರು ವಾರ. ಹೆರಿಗೆ, ಸಾವು, ಆಸ್ಪತ್ರೆ ಈ ಮೂರರ ಸುದ್ದಿ ಪೋರ್ಟಲ್‌ಗೆ ಬಂದ ಕೂಡಲೇ ನನಗೆ ಫೋನ್ ಬರಬೇಕೆಂದು ಪಿಇಒ ಜೊತೆಗಿನ ಒಪ್ಪಂದಕ್ಕೆ ಒಂದು ಸಾಲು ಸೇರಿಸಿಕೊಂಡಿದ್ದೇವೆ. ಅವರು ಮೊದಲು ಒಪ್ಪಲಿಲ್ಲ, ಕೊನೆಗೆ ಒಪ್ಪಿದರು.

ಇಲ್ಲಿನ ಮಲ್ಲಿಗೆ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದ ಒಬ್ಬ ಹುಡುಗ ಈಗ ಆಸ್ಟಿನ್ ಉತ್ತರದ ರೌಂಡ್ ರಾಕ್‌ನಲ್ಲಿ ಕಂಪನಿ ತೆರೆದಿದ್ದಾನೆ. ಎಚ್‌ಆರ್ ಹೊರಗೆ ಕೊಡಲೇ ಎಂದು ಕೇಳಿದ. ಕೊಡು, ಮೊದಲ ನೌಕರನಿಗೆ ಮಗು ಹುಟ್ಟುವ ಮುಂಚೆ ಕೊಡು ಎಂದೆ. ರಾಜ್ಯದ ಲೈಸೆನ್ಸ್ ಇದೆಯೇ ಎಂದು ರಾಜ್ಯದ ಲೈಸೆನ್ಸ್ ಇಲಾಖೆ ಟಿಡಿಎಲ್‌ಆರ್‌ನ ಪಟ್ಟಿಯಲ್ಲಿ ನೋಡು. ಐಆರ್‌ಎಸ್ ಪ್ರಮಾಣಿತ ಪಿಇಒ ಆಗಿದ್ದರೆ ಅವರು ಹಾಕುವ ಸಂಬಳದ ಒಕ್ಕೂಟ ತೆರಿಗೆಗೆ ಅವರೇ ಹೊಣೆ. ಆ ಪ್ರಮಾಣಪತ್ರವಿಲ್ಲದವರು ನಿನ್ನ ದುಡ್ಡು ಕಟ್ಟದೆ ಓಡಿಹೋದರೆ ಐಆರ್‌ಎಸ್ ನಿನ್ನ ಬಾಗಿಲಿಗೆ ಬರುತ್ತದೆ. ವರ್ಷದ ನಡುವೆ ಸೇರಿದರೆ ತೆರಿಗೆಯ ಮಿತಿ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆಯೇ ಎಂದು ಕೇಳು. ಟೆಕ್ಸಾಸ್‌ನಲ್ಲಿ ಖಾಸಗಿ ಮಾಲೀಕರಿಗೆ ಕೆಲಸದ ಗಾಯದ ವಿಮೆ ಕಡ್ಡಾಯವಲ್ಲ, ಆದರೂ ತೆಗೆದುಕೋ. ಹೊಸ ಮಗುವಿನ ಸುದ್ದಿ ಬಂದಾಗ ವಿಮೆಗೆ ಸೇರಿಸುವವರು ಯಾರು, ಎಷ್ಟು ದಿನದಲ್ಲಿ, ಆಯಿತೆಂದು ತಂದೆತಾಯಿಗೆ ಬರಹದಲ್ಲಿ ತಿಳಿಸುವವರು ಯಾರು, ಇವನ್ನು ಹೆಸರು ಸಹಿತ ಬರೆಸಿಕೋ. ಕೈಪಿಡಿಯ ಪ್ರತಿ ಪುಟ ಓದು.

ಕಳೆದ ವಾರ ಅವನು ಒಪ್ಪಂದದ ಕರಡು ಕಳಿಸಿದ್ದಾನೆ. ಬಿಡಬೇಕಾದರೆ 90 ದಿನದ ನೋಟಿಸ್ ಎಂದಿದೆ, ಅದನ್ನು 30ಕ್ಕೆ ಇಳಿಸಲು ಕೇಳಬೇಕು. ವಿಮೆಯ ಕಲಮಿನಲ್ಲಿ ನವಜಾತ ಶಿಶುವಿನ ಮಾತೇ ಇಲ್ಲ. ಅದನ್ನು ಸೇರಿಸುವವರೆಗೆ ಸಹಿ ಹಾಕಬೇಡ ಎಂದು ಬರೆದಿದ್ದೇನೆ.